ಸಿಪ್ಪೆಯಲ್ಲೇ ನಿಂತ ನೀಲಿ

ಹಳೆಯ ಜೀನ್ಸ್ ಪ್ಯಾಂಟೊಂದನ್ನು ಬೆಳಕಿಗೆ ಹಿಡಿದು ನೋಡಿ. ತೊಡೆಯ ಮುಂಭಾಗ ಬಿಳಚಿಕೊಂಡಿದೆ. ಮೊಣಕಾಲಿನ ಹತ್ತಿರ ಬಣ್ಣವೇ ಉಳಿದಿಲ್ಲ. ಸೊಂಟದ ಕೆಳಗೆ, ಕೂತಾಗ ಬಟ್ಟೆ ಮಡಚಿಕೊಳ್ಳುವ ಜಾಗದಲ್ಲಿ, ಅಡ್ಡಡ್ಡಲಾಗಿ ನಾಲ್ಕಾರು ಬಿಳಿ ಗೆರೆ ಮೂಡಿವೆ. ಹಿಂದಿನ ಜೇಬಿನ ಮೇಲೆ ಪರ್ಸಿನ ಆಕಾರ ಅಚ್ಚೊತ್ತಿದೆ. ಆದರೆ ಹೊಲಿಗೆಯ ಪಕ್ಕದ ಸುಕ್ಕನ್ನು ಬೆರಳಿನಿಂದ ಬಿಡಿಸಿದರೆ, ಒಳಗೆ ಕಡುನೀಲಿ ಹಾಗೇ ಇದೆ.

ಪ್ಯಾಂಟಿನ ಈ ಎಲ್ಲ ಭಾಗಗಳೂ ಒಂದೇ ಬಕೆಟ್ಟಿನಲ್ಲಿ ನೆನೆದಿವೆ, ಒಂದೇ ಸೋಪು ಕಂಡಿವೆ, ಒಂದೇ ತಂತಿಯ ಮೇಲೆ ಒಣಗಿವೆ. ಬಣ್ಣ ಕಳೆದದ್ದು ನೀರು, ಸೋಪು, ಬಿಸಿಲೇ ಆಗಿದ್ದರೆ ಇಡೀ ಪ್ಯಾಂಟು ಸಮನಾಗಿ ಮಾಸಬೇಕಿತ್ತು. ಹಾಗಾದರೆ ಪರ್ಸಿನ ಗುರುತು ಎಲ್ಲಿಂದ ಬಂತು?

ಇದರ ಜೊತೆಗೇ ಇನ್ನೊಂದು ಪ್ರಶ್ನೆಯಿದೆ. ಬಣ್ಣ ಬಿಡುವ ಸೀರೆಯನ್ನು ನಾವು ಅಂಗಡಿಗೆ ವಾಪಸು ಕೊಡುತ್ತೇವೆ. ಜಪಾನಿನ ಒಕಯಾಮಾ ಪ್ರಾಂತ್ಯದ ಕೊಜಿಮಾ ಎಂಬಲ್ಲಿ ಹೊಲಿದ, ನೇಯ್ದ ಮೇಲೆ ಒಮ್ಮೆಯೂ ತೊಳೆಯದ ಜೀನ್ಸು ಮೊದಲ ದಿನವೇ ಕೈಗೆ, ಶೂಗೆ, ಸೋಫಾಗೆ ನೀಲಿ ಬಳಿಯುತ್ತದೆ. ಅದನ್ನೇ ಜನ 20-30 ಸಾವಿರ ಯೆನ್ ಕೊಟ್ಟು ಕೊಳ್ಳುತ್ತಾರೆ. ಬಣ್ಣ ಬಿಡುವುದು ಸೀರೆಯಲ್ಲಿ ದೋಷ, ಇಲ್ಲಿ ಗುಣ ಆದದ್ದು ಹೇಗೆ?

ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ. ಅದು ಒಂದು ನೂಲಿನ ಎಳೆಯೊಳಗೆ ಅಡಗಿದೆ. ನಮ್ಮಲ್ಲಿ ಮಗ್ಗದಿಂದ ಇಳಿಸಿ ಇನ್ನೂ ತೊಳೆಯದ ಬಟ್ಟೆಯನ್ನು ಕೋರಾ ಬಟ್ಟೆ ಎನ್ನುವುದುಂಟು. ಇಂಗ್ಲಿಷಿನವರು ರಾ ಡೆನಿಮ್ ಎಂದು ಕರೆಯುವ ಈ ಬಟ್ಟೆಯನ್ನು ಕೋರಾ ಡೆನಿಮ್ ಎಂದೇ ಕರೆದು ಮುಂದುವರಿಯೋಣ.

ಹಾಸು ನೀಲಿ, ಹೊಕ್ಕು ಬಿಳಿ

ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ನೂಲು ಹಾಸು. ಲಾಳಿ ಅಡ್ಡಡ್ಡ ಓಡಾಡುತ್ತ ಸೇರಿಸುವ ನೂಲು ಹೊಕ್ಕು. ಡೆನಿಮ್‌ನಲ್ಲಿ ನೇಯುವ ಮೊದಲೇ ಹಾಸಿಗೆ ಮಾತ್ರ ನೀಲಿ ಹಾಕುತ್ತಾರೆ. ಹೊಕ್ಕಿಗೆ ಬಣ್ಣವಿಲ್ಲ, ಅದು ಹತ್ತಿಯ ಸಹಜ ಬಿಳಿ.

ಸಾಮಾನ್ಯ ಪಂಚೆಯಲ್ಲಿ ಹಾಸಿನ ಎಳೆ ಒಂದು ಹೊಕ್ಕಿನ ಮೇಲೆ, ಮುಂದಿನದರ ಕೆಳಗೆ ಹೋಗುತ್ತದೆ. ಡೆನಿಮ್‌ನಲ್ಲಿ ಅದು ಮೂರು ಹೊಕ್ಕುಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಪಕ್ಕದ ಎಳೆ ಇದೇ ಕೆಲಸವನ್ನು ಒಂದು ಹೆಜ್ಜೆ ಸರಿದು ಮಾಡುತ್ತದೆ. ಹೀಗೆ ಸರಿಯುತ್ತ ಹೋದಾಗ ಬಟ್ಟೆಯ ಮೇಲೆ ಓರೆ ಗೆರೆಗಳು ಏಳುತ್ತವೆ. ಇದು ಓರೆ ನೇಯ್ಗೆ. ಇದರಿಂದಾಗಿ ಹೊರಮೈಯಲ್ಲಿ ಕಾಣುವುದು ಹೆಚ್ಚಾಗಿ ಹಾಸಿನ ನೀಲಿ, ಒಳಮೈಯಲ್ಲಿ ಹೊಕ್ಕಿನ ಬಿಳಿ. ಪ್ಯಾಂಟಿನ ಕಾಲನ್ನು ಹೊರಕ್ಕೆ ಮಡಚಿದಾಗ ಬೇರೆ ಬಣ್ಣ ಕಾಣುವುದು ಇದಕ್ಕೇ. ಕುರ್ಚಿಗೆ, ಬೈಕಿನ ಸೀಟಿಗೆ, ನಮ್ಮದೇ ಕೈಗೆ ತಾಗಿ ಉಜ್ಜಿಸಿಕೊಳ್ಳುವುದು ಮೇಲೆದ್ದು ನಿಂತ ಆ ನೀಲಿ ಎಳೆ.

ಈಗ ಕಾಲಂಚಿನಿಂದ ಒಂದು ನೀಲಿ ಎಳೆಯನ್ನು ಎಳೆದು ತೆಗೆಯಿರಿ. ಕತ್ತರಿಯಿಂದ ನೇರವಾಗಿ ಕತ್ತರಿಸಿ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತ ನೀಲಿ ಬಳೆ, ನಡುವೆ ಬಿಳಿ ಚುಕ್ಕೆ. ಹುರಿಯ ದಿಕ್ಕಿಗೆ ವಿರುದ್ಧವಾಗಿ ತಿರುವಿ ಎಳೆಯನ್ನು ಬಿಚ್ಚಿದರೆ ನೂರಾರು ಸಣ್ಣ ನಾರುಗಳು ಹರಡಿಕೊಳ್ಳುತ್ತವೆ. ಹೊರಗಿದ್ದವು ಕಡುನೀಲಿ, ಒಳಗಿದ್ದವು ಬಹುಪಾಲು ಬಿಳಿ.

ಬದನೆಕಾಯಿ ಇರುವುದು ಹೀಗೆಯೇ. ಹೊರಗೆ ಕಪ್ಪಿಗೆ ಸಮೀಪದ ನೇರಳೆ, ಒಳಗೆ ಬಿಳಿ ತಿರುಳು. ಉಗುರಿನಿಂದ ಕೆರೆದಲ್ಲಿ ಮಾತ್ರ ಬಿಳಿ ಕಾಣುತ್ತದೆ, ಕೆರೆಯದ ಕಡೆ ಬಣ್ಣ ಹಾಗೇ ಇರುತ್ತದೆ. ಜೀನ್ಸಿನ ಪ್ರತಿ ಹಾಸಿನ ಎಳೆಗೂ ಇರುವುದು ಇಂಥ ಸಿಪ್ಪೆಬಣ್ಣ. ಸಿಪ್ಪೆ ಸವೆದ ಕಡೆ ತಿರುಳು ಕಾಣುತ್ತದೆ. ನಾವು ಮಾಸುವುದು ಎನ್ನುತ್ತಿರುವುದು ಬಹುಮಟ್ಟಿಗೆ ಈ ಸವೆತವನ್ನೇ. ಪರ್ಸಿನ ಅಂಚು ಒಳಗಿನಿಂದ ಬಟ್ಟೆಯನ್ನು ಉಬ್ಬಿಸಿತು, ಉಬ್ಬಿದ ಕಡೆ ಎಳೆಯ ಸಿಪ್ಪೆ ಬೇಗ ಸವೆಯಿತು, ಗುರುತು ಮೂಡಿತು. ಬಕೆಟ್ಟಿನ ನೀರು ಮಾಡಿದ್ದು ಸಡಿಲವಾಗಿದ್ದ ಪುಡಿಯನ್ನು ಒಯ್ದದ್ದಷ್ಟೇ.

ನೀರಿಗೆ ಒಗ್ಗದ ಬಣ್ಣ

ಬಣ್ಣ ಸಿಪ್ಪೆಯಲ್ಲೇ ನಿಲ್ಲುವುದಕ್ಕೆ ನೀಲಿಯ ಸ್ವಭಾವವೇ ಮೊದಲ ಕಾರಣ. ಭಾರತದ ನೀಲಿ ಗಿಡ ಅವರೆ, ತೊಗರಿಗಳ ಕುಟುಂಬದ್ದು. ಜಪಾನಿನ ತೊಕುಶಿಮಾದಲ್ಲಿ ಬೆಳೆಯುವ ಆಯಿ ಗಿಡ ಬೇರೆಯೇ ಕುಟುಂಬದ್ದು. ಆದರೂ ಎರಡರ ಎಲೆಯಿಂದ ಸಿಗುವುದು ಒಂದೇ ಅಣು, ಇಂಡಿಗೊ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1883ರಲ್ಲಿ ಅದರ ರಚನೆಯನ್ನು ಗುರುತಿಸಿದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು. ಬಿಹಾರ, ಬಂಗಾಳಗಳ ನೀಲಿ ಬೆಳೆ ಆ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ. 1917ರ ಚಂಪಾರಣ ಸತ್ಯಾಗ್ರಹದ ಹೊತ್ತಿಗೆ ರೈತರ ಮೇಲೆ ಬಿದ್ದಿದ್ದ ಭಾರದ ಹಿಂದೆ ಈ ಕುಸಿತವೂ ಇತ್ತು. ಇಂದು ದುಬಾರಿ ಜಪಾನಿ ಜೀನ್ಸೂ ಸೇರಿ ಹೆಚ್ಚಿನ ಡೆನಿಮ್‌ಗೆ ಹಾಕುವುದು ಕಾರ್ಖಾನೆಯ ಇಂಡಿಗೊವನ್ನೇ.

ಈ ಅಣು ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣ ನೂಲಿಗೆ ಹತ್ತುವುದಿಲ್ಲ. ಅದಕ್ಕೆ ಬಣ್ಣಗಾರರು ತೊಟ್ಟಿಗೆ ಕ್ಷಾರವನ್ನೂ ಆಮ್ಲಜನಕವನ್ನು ಕಸಿಯುವ ಒಂದು ಲವಣವನ್ನೂ ಬೆರೆಸುತ್ತಾರೆ. ಆಗ ಇಂಡಿಗೊ ರೂಪ ಬದಲಿಸಿ ಕರಗುತ್ತದೆ, ತೊಟ್ಟಿಯ ನೀರು ಹಳದಿ ಹಸಿರಿಗೆ ತಿರುಗುತ್ತದೆ. ಅದ್ದಿದ ನೂಲು ಹೊರಬರುವಾಗಲೂ ಅದೇ ಹಳದಿ ಹಸಿರು. ಗಾಳಿ ತಾಗಿದೊಡನೆ ಎಳೆಯ ಮೇಲೆ ಹಸಿರು ಹರಡುತ್ತದೆ, ನೋಡುತ್ತಿದ್ದಂತೆ ಅದು ನೀಲಿಯಾಗುತ್ತದೆ. ಗಾಳಿಯ ಆಮ್ಲಜನಕ ಅಣುವನ್ನು ಮತ್ತೆ ಕರಗದ ರೂಪಕ್ಕೆ ತಂದಿದೆ. ಕರಗಿದ್ದಾಗ ನಾರುಗಳ ಸಂದಿಗೆ ನುಗ್ಗಿದ ಬಣ್ಣ ಈಗ ಅಲ್ಲೇ ಸಣ್ಣ ಕಣಗಳಾಗಿ ಸಿಕ್ಕಿಕೊಂಡಿದೆ.

ಸಿಕ್ಕಿಕೊಂಡಿದೆ, ಬೆಸೆದುಕೊಂಡಿಲ್ಲ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ಅಣುವಿನೊಂದಿಗೇ ಗಟ್ಟಿಯಾದ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತವೆ. ಅಂಥ ಬಣ್ಣದ ಶರ್ಟನ್ನು ಎಷ್ಟು ಉಜ್ಜಿದರೂ ಕೈಗೆ ಹತ್ತುವುದಿಲ್ಲ. ಇಂಡಿಗೊಗೆ ಆ ಬಂಧವಿಲ್ಲ. ಉಜ್ಜಿದರೆ ಕಣಗಳು ಕಳಚಿಕೊಳ್ಳುತ್ತವೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ ಕಳಚುತ್ತವೆ. ಮೊದಲ ಮಳೆಯಲ್ಲಿ ನೆಂದ ಹೊಸ ಜೀನ್ಸು ಬಿಳಿ ಶೂವಿನ ಕತ್ತಿಗೆ ನೀಲಿ ಬಳಿಯುವುದು ಹೀಗೆ.

ಒಳಗಿಳಿಯದಂತೆ ಅದ್ದುವ ವಿದ್ಯೆ

ಎರಡನೆಯ ಕಾರಣ ಮನುಷ್ಯರ ಕೈಚಳಕ. ಜಪಾನಿನವರ ಕತೆ ಇಲ್ಲೇ ಮುಖ್ಯವಾಗುತ್ತದೆ.

ಕೊಜಿಮಾ ಇಂದು ಕುರಾಶಿಕಿ ನಗರದ ಒಂದು ಭಾಗ. ಸಮುದ್ರವನ್ನು ಹಿಂದೆ ಸರಿಸಿ ಪಡೆದ ಅಲ್ಲಿನ ಉಪ್ಪು ನೆಲದಲ್ಲಿ ಭತ್ತಕ್ಕಿಂತ ಹತ್ತಿ ಚೆನ್ನಾಗಿ ಬರುತ್ತಿತ್ತು. ಹತ್ತಿಯ ಹಿಂದೆ ನೇಯ್ಗೆ ಬಂತು, ನೇಯ್ಗೆಯ ಹಿಂದೆ ಹೊಲಿಗೆ. ಇಪ್ಪತ್ತನೆಯ ಶತಮಾನದಲ್ಲಿ ಆ ಊರು ಶಾಲಾ ಸಮವಸ್ತ್ರಕ್ಕೆ ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ತೊಟ್ಟು ಬಿಟ್ಟ ಜೀನ್ಸುಗಳು ಟೋಕಿಯೊದ ಸಂತೆಗಳಲ್ಲಿ ಮಾರಾಟವಾಗುತ್ತಿದ್ದವು. ಬೇಡಿಕೆ ಕಂಡ ಕೊಜಿಮಾದ ಮಾರುಒ ಕಂಪನಿ 1960ರ ದಶಕದಲ್ಲಿ ಅಮೆರಿಕದಿಂದ ಬಟ್ಟೆ ತರಿಸಿ ಜೀನ್ಸ್ ಹೊಲಿಯತೊಡಗಿತು. ಮುಂದೆ ಅದು ಬಿಗ್ ಜಾನ್ ಆಯಿತು.

ನೀಲಿ ಹಾಕುವುದರಲ್ಲಿ ಶತಮಾನಗಳ ಅನುಭವವಿದ್ದ ದೇಶ ಬಟ್ಟೆಯನ್ನು ಹೊರಗಿನಿಂದ ತರಿಸಬೇಕಾಗಿ ಬಂದದ್ದು ಯಾಕೆ? ಜಪಾನಿನ ಬಣ್ಣಗಾರರು ನೂಲಿನ ಲಡಿಯನ್ನು ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, ಬಣ್ಣ ಎಳೆಯ ಒಳಗಿನವರೆಗೂ ಇಳಿಯುವಂತೆ ಮಾಡುತ್ತಿದ್ದರು. ಒಳಗಿಳಿದ ಬಣ್ಣವೇ ಅವರ ಹೆಮ್ಮೆ. ಜೀನ್ಸಿಗೆ ಬೇಕಾಗಿದ್ದದ್ದು ಅದಕ್ಕೆ ತದ್ವಿರುದ್ಧ. ಹೊರಗೆ ಗಾಢವಾಗಿರಬೇಕು, ಒಳಗೆ ಹೋಗಲೇಬಾರದು.

ಫುಕುಯಾಮಾ ಬಳಿಯ ಕೈಹಾರ ಕಂಪನಿ 1893ರಿಂದ ಕಸುರಿ ಎಂಬ ನೀಲಿ-ಬಿಳಿ ಚಿತ್ತಾರದ ಬಟ್ಟೆ ನೇಯುತ್ತಿತ್ತು. 1970ರಲ್ಲಿ ಅದು ಜಪಾನಿನ ಮೊದಲ ಹಗ್ಗದ ಬಣ್ಣಯಂತ್ರವನ್ನು ತಾನೇ ರೂಪಿಸಿತು. ಈ ಯಂತ್ರದಲ್ಲಿ 300-400 ಎಳೆಗಳನ್ನು ಒಂದು ಹಗ್ಗವಾಗಿ ಸೇರಿಸಿ ತೊಟ್ಟಿಯೊಳಗೆ ಓಡಿಸುತ್ತಾರೆ. ಹಗ್ಗ ಬಣ್ಣದಲ್ಲಿ ಇರುವುದು ಅರ್ಧ ನಿಮಿಷಕ್ಕೂ ಕಡಿಮೆ. ಒಳಗಿಳಿಯಲು ಪುರಸೊತ್ತಿಲ್ಲ. ಅಷ್ಟರಲ್ಲೇ ಹಿಂಡುವ ಉರುಳೆಗಳ ನಡುವೆ ಹಾದು ಮೇಲೇರಿ ಗಾಳಿಗೆ ಬರುತ್ತದೆ, ನೀಲಿಯಾಗುತ್ತದೆ, ಮತ್ತೆ ಮುಂದಿನ ತೊಟ್ಟಿಗೆ ಇಳಿಯುತ್ತದೆ. ಹೀಗೆ ಆರು, ಎಂಟು, ಹನ್ನೆರಡು ಸಲ, ಕಡುನೀಲಿ ಬೇಕಿದ್ದರೆ ಇನ್ನೂ ಹೆಚ್ಚು ಸಲ. ಪ್ರತಿ ಸಲವೂ ಹೊರಗಿನ ಸಿಪ್ಪೆಯೇ ಗಾಢವಾಗುತ್ತದೆ.

ತೊಟ್ಟಿಯ ಕ್ಷಾರದ ಹದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿಎಚ್ 11ರ ಆಸುಪಾಸಿನಲ್ಲಿದ್ದರೆ ಕರಗಿದ ಇಂಡಿಗೊಗೆ ಹತ್ತಿಯ ಮೇಲೆ ಒಲವು ಹೆಚ್ಚು. ಸಿಕ್ಕ ಮೊದಲ ನಾರಿಗೇ ಅಂಟಿಕೊಳ್ಳುತ್ತದೆ. ಹಾಗೆ ಬೇಗ ಅಂಟಿದ್ದರಿಂದಲೇ ಅದು ಒಳಗೆ ಹೋಗದೆ ಹೊರಪದರದಲ್ಲಿ ನಿಲ್ಲುತ್ತದೆ.

1973ರಲ್ಲಿ ಕುರಾಶಿಕಿಯ ಕುರಾಬೊ ಗಿರಣಿ ಕೆಡಿ-8 ಎಂಬ ಡೆನಿಮ್ ಹೊರತಂದಿತು. ಅದು ಜಪಾನಿನಲ್ಲೇ ತಯಾರಾದ ಮೊದಲ ಜೀನ್ಸ್ ಬಟ್ಟೆ. ನೂರಾರು ವರ್ಷದ ಕಸುಬನ್ನು ಬಲ್ಲವರು ಅದನ್ನು ತಿರುವಿ ಹಾಕಿ ಕಲಿತದ್ದರ ಫಲ ಅದು. ಆ ಬಟ್ಟೆ ಅಷ್ಟು ಸೊಗಸಾಗಿ ಮಾಸುತ್ತದೆ ಎಂದರೆ ಅದಕ್ಕೆ ಕಾರಣ ಈ ಮರುಕಲಿಕೆ.

ಗಂಜಿಯ ಪಾಲು

ಸಿಪ್ಪೆ ಎಲ್ಲೆಲ್ಲಿ ಸವೆಯಬೇಕು ಎಂದು ನಿರ್ಧರಿಸುವುದು ಗಂಜಿ. ಕೈಮಗ್ಗದವರಿಗೆ ಇದು ಗೊತ್ತಿದ್ದದ್ದೇ: ಹಾಸಿಗೆ ಗಂಜಿ ಹಾಕದಿದ್ದರೆ ಮಗ್ಗದ ಎಳೆದಾಟಕ್ಕೆ ನೂಲು ಕೆದರಿ ತುಂಡಾಗುತ್ತದೆ. ಡೆನಿಮ್‌ನ ಹಾಸಿಗೂ ಗಂಜಿ ಹಾಕುತ್ತಾರೆ. ಅಂಗಡಿಯ ಸಾಮಾನ್ಯ ಜೀನ್ಸಿನಲ್ಲಿ ಆ ಗಂಜಿಯನ್ನು ಕಾರ್ಖಾನೆಯಲ್ಲೇ ತೊಳೆದು ತೆಗೆದಿರುತ್ತಾರೆ. ಕೋರಾ ಡೆನಿಮ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಹೊಸ ಪ್ಯಾಂಟು ಮೊದಲ ವಾರ ರಟ್ಟಿನಂತಿದ್ದು, ಕೂತರೆ ಮೊಣಕಾಲಿನ ಹಿಂಭಾಗಕ್ಕೆ ಚುಚ್ಚುವುದು ಇದರಿಂದಲೇ.

ಬಿರುಸಾದ ಬಟ್ಟೆ ಮೃದುವಾಗಿ ಬಾಗುವುದಿಲ್ಲ, ಚೂಪಾಗಿ ಮುರಿಯುತ್ತದೆ. ನೀವು ಕೂತಾಗ ಸೊಂಟದ ಕೆಳಗೆ ಒಂದು ಮಡಿಕೆ ಬೀಳುತ್ತದೆ. ಎದ್ದು ಮತ್ತೆ ಕೂತರೆ ಅದೇ ಜಾಗದಲ್ಲೇ ಮತ್ತೆ ಬೀಳುತ್ತದೆ. ಮೈಯ ಶಾಖ ಮತ್ತು ಬೆವರಿನ ತೇವ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಹತ್ತಿಯ ನಾರಿನೊಳಗೆ ಅಣುಗಳನ್ನು ಹಿಡಿದಿಡುವ ಸಣ್ಣ ಬಂಧಗಳು ತೇವಕ್ಕೆ ಬಿಡುತ್ತವೆ, ಒಣಗುವಾಗ ಬಾಗಿದ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಮಡಿಕೆ ಕೆಲವೇ ದಿನಗಳಲ್ಲಿ ಕಾಯಂ ಆಗುತ್ತದೆ.

ಮಡಿಕೆಯ ಏಣಿಗೆ ಎಲ್ಲವೂ ತಾಗುತ್ತದೆ, ತಗ್ಗಿಗೆ ಏನೂ ತಾಗುವುದಿಲ್ಲ. ಏಣಿನ ಮೇಲಿನ ಎಳೆಗಳ ಸಿಪ್ಪೆ ತಿಂಗಳುಗಟ್ಟಲೆ ಸವೆಯುತ್ತದೆ, ತಗ್ಗಿನಲ್ಲಿ ಕಡುನೀಲಿ ಉಳಿಯುತ್ತದೆ. ಸೊಂಟದ ಕೆಳಗಿನ ಆ ಗೆರೆಗಳಿಗೆ ಜಪಾನಿನವರು ಹಿಗೆ ಎನ್ನುತ್ತಾರೆ, ನಾವು ಮೀಸೆಗೆರೆ ಎನ್ನಬಹುದು. ಮೊಣಕಾಲಿನ ಹಿಂದೆ ಮಡಿಕೆಗಳು ಒಂದನ್ನೊಂದು ದಾಟಿ ಜೇನುಗೂಡಿನ ಕಣ್ಣುಗಳ ಚಿತ್ತಾರ ಆಗುತ್ತದೆ. ಗಂಜಿ ಬೇಗ ಹೋದರೆ ಮಡಿಕೆ ದಿನಕ್ಕೊಂದು ಕಡೆ ಬೀಳುತ್ತದೆ, ಸವೆತ ಹರಡಿಹೋಗುತ್ತದೆ, ಪ್ಯಾಂಟು ಒಂದೇ ಸಮನೆ ತಿಳಿಯಾಗುತ್ತದೆ. ಕೋರಾ ಜೀನ್ಸನ್ನು ಮೊದಲ ಕೆಲವು ತಿಂಗಳು ಒಗೆಯಬೇಡಿ ಎಂದು ಬಲ್ಲವರು ಹೇಳುವುದರ ಅರ್ಥ ಇಷ್ಟೇ.

ನೂಲಿನ ದಪ್ಪವೂ ತನ್ನ ಗುರುತು ಬಿಡುತ್ತದೆ. ಹಳೆಯ ಯಂತ್ರಗಳಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತಿತ್ತು. ಹೊಸ ಯಂತ್ರಗಳು ಈ ಏರುಪೇರನ್ನು ನಿವಾರಿಸಿದವು. ಜಪಾನಿನ ಗಿರಣಿಗಳು ಬೇಕೆಂದೇ ಅದನ್ನು ಮತ್ತೆ ತಂದವು. ದಪ್ಪವಿರುವ ಕಡೆ ಎಳೆ ಮೇಲೆದ್ದು ಮೊದಲು ಸವೆಯುವುದರಿಂದ, ತೊಡೆಯ ಮೇಲೆ ಉದ್ದುದ್ದಕ್ಕೆ ತೆಳುವಾದ ಬಿಳಿ ಗೀರುಗಳು ಮೂಡುತ್ತವೆ.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ಕುಗ್ಗುವಿಕೆ. ನೇಯುವಾಗ ಬಿಗಿದು ಎಳೆದ ಹಾಸು, ನೀರು ಕಂಡಾಗ ಆ ಬಿಗಿತವನ್ನು ಬಿಡುತ್ತದೆ. ನಾರು ಉಬ್ಬುತ್ತದೆ, ಎಳೆ ಹೆಚ್ಚು ಅಂಕುಡೊಂಕಾಗುತ್ತದೆ, ಬಟ್ಟೆ ಗಿಡ್ಡವಾಗುತ್ತದೆ. ಅಮೆರಿಕದ ಸ್ಯಾನ್‌ಫೋರ್ಡ್ ಕ್ಲೂಎಟ್ 1930ರ ಆಸುಪಾಸಿನಲ್ಲಿ ಬಟ್ಟೆಯನ್ನು ಯಂತ್ರದಲ್ಲೇ ಮೊದಲು ಕುಗ್ಗಿಸುವ ವಿಧಾನ ರೂಪಿಸಿದರು. ಸ್ಯಾನ್‌ಫೊರೈಸ್ಡ್ ಎಂದು ಬರೆದಿದ್ದರೆ ಬಟ್ಟೆ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ ಕುಗ್ಗುತ್ತದೆ. ಬರೆದಿಲ್ಲವಾದರೆ, ಅಂದರೆ ಮಗ್ಗದಿಂದ ನೇರ ಬಂದ ಬಟ್ಟೆಯಾದರೆ, ನೂರಕ್ಕೆ ಏಳರಿಂದ ಹತ್ತರವರೆಗೂ ಕುಗ್ಗಬಹುದು. 34 ಇಂಚಿನ ಕಾಲು ಎರಡು ಮೂರು ಇಂಚು ಕಳೆದುಕೊಳ್ಳುತ್ತದೆ. ಅಂಥದ್ದನ್ನು ಕೊಂಡರೆ ಮೊದಲು ಒಳಮೈ ಹೊರಗೆ ಮಾಡಿ, ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ. ಕಾಲಿನ ಉದ್ದ ಕತ್ತರಿಸುವುದಿದ್ದರೆ ಆಮೇಲೆ ಕತ್ತರಿಸಿ. ಹೀಗೆ ನೆನೆಸಿದಾಗ ಒಂದಿಷ್ಟು ಗಂಜಿ ಹೋಗುತ್ತದೆ, ಆದರೂ ಬಿರುಸು ಸಾಕಷ್ಟು ಉಳಿಯುತ್ತದೆ.

ಎರಡನೆಯದು ತೂಕ. ಡೆನಿಮ್ ಅನ್ನು ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಎಂದು ಅಳೆಯುತ್ತಾರೆ. 14 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. 21 ಔನ್ಸಿನ ದಪ್ಪ ಬಟ್ಟೆಯ ಜೀನ್ಸೂ ಸಿಗುತ್ತವೆ. ನಮ್ಮ ಹವೆಗೆ 12-14 ಔನ್ಸ್ ಸಾಕು. ಮಂಗಳೂರು, ಕಾರವಾರದ ಸೆಕೆಗೆ ಅದೂ ಹೆಚ್ಚು ಅನ್ನಿಸಬಹುದು.

ಮೂರನೆಯದು ಅಂಚು. ಲಾಳಿ ಮಗ್ಗದಲ್ಲಿ ಹೊಕ್ಕಿನ ನೂಲು ಕತ್ತರಿಸದೆ ಹಿಂತಿರುಗುವುದರಿಂದ ಬಟ್ಟೆಯ ಅಂಚು ತಾನೇ ಕಟ್ಟಿಕೊಂಡು ಬರುತ್ತದೆ, ಬಿಚ್ಚುವುದಿಲ್ಲ. ಅದೇ ಸೆಲ್ವೆಜ್. ಪ್ಯಾಂಟಿನ ಕಾಲು ಮಡಚಿದಾಗ ಕಾಣುವ ಕೆಂಪು ದಾರದ ಬಿಳಿ ಪಟ್ಟಿ ಅದು. ಜಪಾನಿನ ಗಿರಣಿಗಳಲ್ಲಿ ಇಂಥ ಬಟ್ಟೆ ನೇಯುವ ಹಳೆಯ ಮಗ್ಗಗಳಲ್ಲಿ ಹಲವು ಟೊಯೋಡಾ ಕಂಪನಿಯವು. ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾ ಹುಟ್ಟಿದ್ದು ಆ ಮಗ್ಗದ ಕಂಪನಿಯಿಂದಲೇ. ಈ ಮಗ್ಗ ನಿಧಾನ, ಬಟ್ಟೆಯ ಅಗಲವೂ ಸುಮಾರು 75-80 ಸೆಂಟಿಮೀಟರ್ ಮಾತ್ರ. ಅದಕ್ಕೇ ಬೆಲೆ ಹೆಚ್ಚು. ಆದರೆ ಬಣ್ಣ ಚೆನ್ನಾಗಿ ಮಾಸಲು ಅಂಚು ಕಾರಣವಲ್ಲ. ಅದಕ್ಕೆ ಕಾರಣ ನೂಲು, ಅದ್ದಿದ ರೀತಿ ಮತ್ತು ಗಂಜಿ. ಅಂಚನ್ನಷ್ಟೇ ನೋಡಿ ದುಡ್ಡು ಕೊಡಬೇಡಿ.

ಸೊಂಟ ಮೊದಲ ದಿನ ಸ್ವಲ್ಪ ಬಿಗಿಯಾಗಿರಲಿ. ಗುಂಡಿ ಹಾಕಿ ಉಸಿರಾಡಲು ಆಗುವಷ್ಟು ಬಿಗಿ ಸರಿ. ತೊಡುತ್ತ ಒಂದು ಇಂಚಿನಷ್ಟು ಸಡಿಲವಾಗುತ್ತದೆ.

ಒಗೆಯುವುದು ಯಾವಾಗ

ಒಗೆಯಲೇಬಾರದು ಎಂಬ ಹಟ ಬೇಡ. 2011ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ 15 ತಿಂಗಳು ಒಗೆಯದೆ ತೊಟ್ಟ ಜೀನ್ಸನ್ನು ಪರೀಕ್ಷಿಸಿದರು. ಒಗೆದು ಎರಡು ವಾರದ ಮಟ್ಟಿಗೆ ತೊಟ್ಟ ನಂತರ ಅದೇ ಪ್ಯಾಂಟನ್ನು ಮತ್ತೆ ಪರೀಕ್ಷಿಸಿದಾಗ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಅಷ್ಟೇ ಇದ್ದವು. ಒಬ್ಬರ ಒಂದು ಪ್ಯಾಂಟಿನ ಫಲಿತಾಂಶ ಅದು, ಅದೂ ತಣ್ಣನೆಯ ಊರಿನದು. ನಮ್ಮಲ್ಲಿ ಬೆವರು ಹೆಚ್ಚು, ಧೂಳು ಹೆಚ್ಚು. ಧೂಳಿನ ಕಣಗಳು ನಾರುಗಳ ನಡುವೆ ಸೇರಿ ಅವನ್ನು ಕೊಯ್ಯುತ್ತವೆ. ತೊಡೆಗಳು ಸೇರಿ ಉಜ್ಜಿಕೊಳ್ಳುವ ಕಡೆ ಬಟ್ಟೆ ಮೊದಲು ಹರಿಯುವುದಕ್ಕೆ ಇದೂ ಒಂದು ಕಾರಣ.

ವಾಸನೆ ಬಂದರೆ ಅಥವಾ ಕೊಳೆ ಕಂಡರೆ ಒಗೆಯಿರಿ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ, ಬ್ರಷ್ ಹಾಕದೆ, ಬೇರೆ ಬಟ್ಟೆ ಸೇರಿಸದೆ. ಒಣಗಿಸುವುದು ನೆರಳಿನಲ್ಲಿ, ಏಕೆಂದರೆ ಇಂಡಿಗೊ ಅಣು ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಡೆಯುತ್ತದೆ. ಆ ನಷ್ಟಕ್ಕೆ ಏಣು, ತಗ್ಗು ಎಂಬ ಭೇದವಿಲ್ಲ.

ಕಾರ್ಖಾನೆ ಸವೆಸಿದ ಜೀನ್ಸು

ಅಂಗಡಿಯಲ್ಲಿ ಹಳತಾದಂತೆ ಕಾಣುವ ಹೊಸ ಜೀನ್ಸುಗಳಲ್ಲೂ ನಡೆದಿರುವುದು ಇದೇ ಸವೆತ. ವರ್ಷದ ಕೆಲಸವನ್ನು ಗಂಟೆಗಳಲ್ಲಿ ಮಾಡಿಸಿರುತ್ತಾರೆ ಅಷ್ಟೆ. ಜ್ವಾಲಾಮುಖಿಯ ಹಗುರ ಕಲ್ಲುಗಳ ಜೊತೆ ಯಂತ್ರದಲ್ಲಿ ತಿರುಗಿಸಿದರೆ ಸಿಪ್ಪೆ ಹೋಗುತ್ತದೆ. ಕಲ್ಲಿನ ಬದಲು ಸೆಲ್ಯುಲೇಸ್ ಎಂಬ ಕಿಣ್ವ ಬಳಸಿದರೆ ಅದು ಮೇಲಿನ ನಾರನ್ನೇ ತಿಂದು ಬಣ್ಣ ಬಿಡಿಸುತ್ತದೆ. ಈ ಕಿಣ್ವ ಕೊಡುವ ಟ್ರೈಕೊಡರ್ಮಾ ಶಿಲೀಂಧ್ರವನ್ನು ಗುರುತಿಸಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿ ಡೇರೆಗಳು ಕೊಳೆತುಹೋದಾಗ.

ಇದರಲ್ಲೇ ಒಂದು ಕ್ರೂರ ದಾರಿಯೂ ಇತ್ತು, ಮರಳನ್ನು ರಭಸದಿಂದ ಬಟ್ಟೆಯ ಮೇಲೆ ಊದುವುದು. ಆ ಮರಳಿನ ಧೂಳು ಕುಡಿದ ಟರ್ಕಿಯ ಯುವ ಕಾರ್ಮಿಕರಿಗೆ ಸಿಲಿಕೋಸಿಸ್ ಬಂತು, ಹಲವರು ಸತ್ತರು. ಆ ರೋಗಕ್ಕೆ ಮದ್ದಿಲ್ಲ. 2009ರಲ್ಲಿ ಟರ್ಕಿ ಹೀಗೆ ಮರಳು ಊದುವುದನ್ನು ನಿಷೇಧಿಸಿತು. ನಮ್ಮ ಬಳ್ಳಾರಿಯಲ್ಲೂ ನೂರಾರು ಜೀನ್ಸ್ ಘಟಕಗಳಿವೆ. ಹೊಲಿದ ಪ್ಯಾಂಟನ್ನು ತೊಳೆದು ಬಣ್ಣ ಇಳಿಸುವ ವಾಷಿಂಗ್ ಘಟಕಗಳಿಗೆ ಬೇಕಾದ ನೀರು, ಅವು ಹೊರಬಿಡುವ ನೀಲಿ ನೀರು, ಎರಡೂ ಬಿಸಿಲು ನಾಡಿನ ದೊಡ್ಡ ಸಮಸ್ಯೆ. ಹೊಸ ಬಟ್ಟೆ ಹಳತಾಗಿ ಕಾಣಲಿ ಎಂಬ ನಮ್ಮ ಆಸೆಯ ಬೆಲೆಯನ್ನು ಬೇರೊಬ್ಬರ ಶ್ವಾಸಕೋಶವೂ ಬೇರೊಂದು ಊರಿನ ಹಳ್ಳವೂ ತೆರುತ್ತವೆ.

ಕೋರಾ ಜೀನ್ಸಿನ ನಿಜವಾದ ಹೆಚ್ಚುಗಾರಿಕೆ ನನ್ನ ಮಟ್ಟಿಗೆ ಇಲ್ಲಿದೆ. ಸವೆಸುವ ಕೆಲಸವನ್ನು ಯಾರಿಗೂ ವಹಿಸದೆ ತೊಡುವವರೇ ಮಾಡುತ್ತಾರೆ. ಅದಕ್ಕೆ ಜಪಾನಿನದ್ದೇ ಬೇಕೆಂದಿಲ್ಲ. ಹಗ್ಗದಲ್ಲಿ ಅದ್ದಿದ ನೂಲು, ತೊಳೆಯದ ಬಟ್ಟೆ, ಸರಿಯಾದ ಅಳತೆ, ಈ ಮೂರು ಇದ್ದರೆ ಯಾವ ದೇಶದ್ದಾದರೂ ಆದೀತು. ಕೊಳ್ಳುವುದಾದರೆ ಒಂದನ್ನೇ ಕೊಳ್ಳಿ, ಅದನ್ನೇ ತೊಡಿ, ತೊಡೆಯ ಬಳಿ ಹರಿದರೆ ಒಳಗೆ ತೇಪೆ ಹಾಕಿಸಿ ಮತ್ತೆ ತೊಡಿ.